ಕಬ್ಬಿನ ಗದ್ದೆಯಲ್ಲಿ ಮನೆಯ ಊಟಕ್ಕೂ ಒಂದು ಸಾಲು

ಪ್ರಶ್ನೆ: ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಒಂದೂವರೆ ಎಕರೆಯಲ್ಲಿ ನಾವು ಕಬ್ಬು ಮಾತ್ರ ಬೆಳೆಯುತ್ತೇವೆ. ಕೆಲಸದಲ್ಲಿ ಹೆಚ್ಚಿನ ಪಾಲು ನನ್ನದೇ, ಪಹಣಿ ಮಾವನವರ ಹೆಸರಿನಲ್ಲಿದೆ. ಸೊಪ್ಪು, ಕಾಳು, ರಾಗಿ ಎಲ್ಲವನ್ನೂ ಕೊಂಡು ತರುತ್ತೇವೆ. ಮಗಳಿಗೆ ರಕ್ತಹೀನತೆ ಇದೆಯೆಂದು ವೈದ್ಯರು ಹೇಳಿದ್ದಾರೆ. ನಾನೂ ನಮ್ಮ ಸ್ತ್ರೀಶಕ್ತಿ ಸಂಘದವರೂ ಏನು ಮಾಡಬಹುದು?
– ಓದುಗರೊಬ್ಬರು, ಮದ್ದೂರು ತಾಲ್ಲೂಕು

ಉತ್ತರ: ವೈದ್ಯರು ಕೊಟ್ಟ ಕಬ್ಬಿಣಾಂಶದ ಮಾತ್ರೆಯನ್ನು ಮಗಳು ತಪ್ಪಿಸದಿರಲಿ, ನಾನು ಹೇಳುವುದು ಅದರ ಜೊತೆಗೆ ನಡೆಯಬೇಕಾದ ಕೆಲಸ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ಈ ತೊಂದರೆ ಇದೆ.

ನಮ್ಮ ಕಡೆಯ ರಾಗಿ ಹೊಲಗಳಲ್ಲಿ ಅಕ್ಕಡಿ ಸಾಲಿಗೆ, ಅಂದರೆ ಮುಖ್ಯ ಬೆಳೆಯ ನಡುನಡುವೆ ಬಿಡುವ ಮಿಶ್ರಬೆಳೆಯ ಸಾಲಿಗೆ, ಅವರೆ, ತೊಗರಿ, ಹುಚ್ಚೆಳ್ಳು ಬೀಳುತ್ತಿದ್ದವು. ಕಳೆ ಕೀಳಲು ಹೋದ ಹೆಂಗಸರು ಮಡಿಲು ತುಂಬ ಬೆರಕೆ ಸೊಪ್ಪು ತಂದು ಬಸ್ಸಾರು ಮಾಡುತ್ತಿದ್ದರು. ಕಬ್ಬೊಂದೇ ಬೆಳೆಯಾಗಿ, ಅದಕ್ಕೆ ಕಳೆನಾಶಕವೂ ಬಿದ್ದ ಮೇಲೆ ಇವೆರಡೂ ತಟ್ಟೆಯಿಂದ ಹೋದವು, ಆದರೆ ಹೆಂಗಸರ ಕೈಯಿಂದ ಬರುತ್ತಿದ್ದ ಆ ಬೆಳೆಗೆ ಕಾರ್ಖಾನೆಯ ಬಿಲ್ಲಿಲ್ಲದ ಕಾರಣ ಅದನ್ನು ಯಾರೂ ನಷ್ಟವೆಂದು ಬರೆದಿಡಲಿಲ್ಲ.

ಕಬ್ಬನ್ನು ಬಿಡಿ ಎಂದು ನಾನು ಹೇಳಲಾರೆ. ಹೊಸದಾಗಿ ನೆಟ್ಟ ಕಬ್ಬು ಮೊದಲ ಮೂರು ತಿಂಗಳು ನಿಧಾನವಾಗಿ ಬೆಳೆಯುವುದರಿಂದ, ಸಾಲುಗಳ ಅಂತರವನ್ನು ನಾಲ್ಕೈದು ಅಡಿಗೆ ಹಿಗ್ಗಿಸಿ ನಡುವೆ ಅಲಸಂದೆ, ಹೆಸರು, ಉದ್ದು ಬಿತ್ತಿ ಕೊಯ್ದುಕೊಳ್ಳಬಹುದು. ಅಲ್ಲಿ ಅಟ್ರಜಿನ್ ಎಂಬ ಕಳೆನಾಶಕ ಸಿಂಪಡಿಸಿದರೆ ಕಾಳಿನ ಗಿಡವೂ ಸಾಯುತ್ತದೆ. ಇದನ್ನು ನಾಟಿಗೆ ಮುಂಚೆಯೇ ಮನೆಯವರೊಡನೆ ಮಾತಾಡಿಕೊಳ್ಳಿ. ಬದುವಿಗೆ ತೊಗರಿ, ನುಗ್ಗೆ ಸಾಕು. ಹಿತ್ತಲಿಗೆ ದಂಟು, ಬಸಳೆ. ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತಲು ಊಟದ ಜೊತೆ ನಿಂಬೆರಸವೋ ಸೀಬೆಹಣ್ಣೋ ಇರಲಿ, ಊಟದ ಬೆನ್ನಿಗೇ ಕಾಫಿ, ಟೀ ಬೇಡ.

ಸಂಘದವರು ಬೀಜದ ಹೊಣೆ ಹೊರುವುದು ಒಳ್ಳೆಯದು. ಮಂಡ್ಯದ ವಿ.ಸಿ. ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲಿ ತಳಿಗಳ ಬಗ್ಗೆ ವಿಚಾರಿಸಿ, ಮೊದಲ ಫಸಲಿನಲ್ಲಿ ಒಂದು ಪಾಲನ್ನು ಬಿತ್ತನೆಗೆಂದು ಎತ್ತಿಟ್ಟು, ಮುಂದಿನ ವರ್ಷ ಎಲ್ಲ ಸದಸ್ಯರೂ ಹಂಚಿಕೊಳ್ಳಲಿ.

ಪಹಣಿಯ ಮಾತೇ ನನ್ನನ್ನು ಹೆಚ್ಚು ಕಾಡುತ್ತದೆ, ಏಕೆಂದರೆ ಸಾಲ, ಸಹಾಯಧನಗಳು ಬಹುಮಟ್ಟಿಗೆ ಅಲ್ಲಿರುವ ಹೆಸರನ್ನೇ ಹುಡುಕಿಕೊಂಡು ಹೋಗುತ್ತವೆ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಬಂದಿದೆ. ಸೊಸೆಗೆ ಅಂಥ ಹಕ್ಕಿಲ್ಲ, ಹಿರಿಯರು ಮನಸ್ಸು ಮಾಡಿ ಬರೆದುಕೊಡಬೇಕು. ಅದಕ್ಕೆ ಕಾಲ ಹಿಡಿಯುವುದಾದರೆ, ಈ ಸಲದ ನಾಟಿಗೆ ಮುಂಚೆ ಐದು ಗುಂಟೆಯಲ್ಲಿ ಏನು ಬೆಳೆಯಬೇಕೆಂಬ ತೀರ್ಮಾನವನ್ನಾದರೂ ನಿಮಗೆ ಬಿಟ್ಟುಕೊಡುವಂತೆ ಮಾವನವರನ್ನು ಕೇಳಿ.