ಅಪ್ಪನ ಜ್ವರ ಮತ್ತು ಹೊಲದ ಕೆಸರು

ಚಿಂತಾಮಣಿ ಕಡೆಯ ಓದುಗರೊಬ್ಬರ ಪತ್ರ: ‘ಅಪ್ಪನಿಗೆ ಬಹಳ ವರ್ಷದಿಂದ ಶುಗರ್. ಮಳೆಗಾಲದಲ್ಲಿ ಟೊಮೆಟೊ ತೋಟದಲ್ಲಿ ಕಾಲಿಗೆ ಗಾಯವಾಯಿತು. ಆಮೇಲೆ ಜ್ವರ, ಕೆಮ್ಮು. ಟಿ.ಬಿ. ಅಂತ ಮಾತ್ರೆ ಕೊಟ್ಟರು, ಜ್ವರ ಬಿಡಲಿಲ್ಲ. ಕೊನೆಗೆ ರಕ್ತದ ಕಲ್ಚರ್ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಿದಾಗ ಮೆಲಿಯಾಯ್ಡೋಸಿಸ್ ಎಂದರು. ಈಗ ಮನೆಗೆ ಬಂದಿದ್ದಾರೆ. ಊರವರು ಹತ್ತಿರ ಸುಳಿಯುತ್ತಿಲ್ಲ. ಹೊಲ ಮಾಡುವುದನ್ನೇ ಬಿಡಬೇಕಾ?’

ಮೊದಲು ಊರವರಿಗೆ ಹೇಳಿ: ಇದು ಒಬ್ಬರಿಂದ ಒಬ್ಬರಿಗೆ ಹರಡುವುದು ತೀರಾ ಅಪರೂಪ. ಅಪ್ಪನ ಪಕ್ಕ ಕೂತು ಧಾರಾಳವಾಗಿ ಊಟ ಮಾಡಬಹುದು. ಕಾಯಿಲೆಯ ಸಂಕಟವೇ ಸಾಲದೆ ಈ ಒಂಟಿತನ ಬೇರೆ ಅವರಿಗೆ ಬೇಡ.

ರೋಗಾಣುವಿನ ಹೆಸರು ಬರ್ಕೋಲ್ಡೇರಿಯಾ ಸೂಡೋಮಲೈ. ಒದ್ದೆ ಮಣ್ಣು, ನಿಂತ ನೀರು ಇದರ ಮನೆ. 1912ರಲ್ಲಿ ಬರ್ಮಾದ ರಂಗೂನಿನಿಂದ ಇದರ ಬಗ್ಗೆ ಮೊದಲು ಬರೆದವರು ವೈದ್ಯರಾದ ವಿಟ್ಮೋರ್ ಮತ್ತು ಸಿ.ಎಸ್. ಕೃಷ್ಣಸ್ವಾಮಿ. ಕೃಷ್ಣಸ್ವಾಮಿಯವರನ್ನು ನಾವು ಮರೆತೇಬಿಟ್ಟೆವು, ಬೇಸರವಾಗುತ್ತದೆ. ಉಡುಪಿ, ಮಂಗಳೂರು ಕಡೆಯ ವೈದ್ಯರಿಗೆ ಇದು ಗೊತ್ತಿರುವ ಕಾಯಿಲೆ. ನಮ್ಮ ಬಯಲುಸೀಮೆಯಲ್ಲಿ ತಟ್ಟನೆ ನೆನಪಿಗೆ ಬರುವುದಿಲ್ಲ. ಶ್ವಾಸಕೋಶದಲ್ಲಿ ಕೀವುಗಟ್ಟಿದರೆ ಎಕ್ಸ್‌ರೇಯಲ್ಲಿ ಟಿ.ಬಿ. ಥರವೇ ಕಾಣುತ್ತದೆ. ಹಾಗಾಗಿ ಕಲ್ಚರ್ ಪರೀಕ್ಷೆ ಬಹಳ ಮುಖ್ಯ. ಅಲ್ಲೂ ಒಮ್ಮೊಮ್ಮೆ ಬೇರೆ ಬ್ಯಾಕ್ಟೀರಿಯಾ ಎಂದು ತಪ್ಪು ರಿಪೋರ್ಟ್ ಬರುವುದುಂಟು. ‘ಶುಗರ್ ಇದೆ, ಕೆಸರಲ್ಲಿ ಕೆಲಸ’ ಎಂದು ವೈದ್ಯರಿಗೆ ನಾವೇ ಬಾಯಿಬಿಟ್ಟು ಹೇಳಬೇಕು.

ಮಣ್ಣು ತುಳಿಯುವವರೆಲ್ಲರಿಗೂ ಇದು ಬರುವುದಿಲ್ಲ. ಹೆಚ್ಚಾಗಿ ಸಿಕ್ಕಿಬೀಳುವುದು ಸಕ್ಕರೆ ಕಾಯಿಲೆಯವರು. ಕಿಡ್ನಿ ತೊಂದರೆ ಇರುವವರು, ಜಾಸ್ತಿ ಕುಡಿಯುವವರೂ ಹುಷಾರಾಗಿರಬೇಕು. ಹಳೇ ಶುಗರ್ ಇದ್ದವರ ಪಾದ ಜೋಮು ಹಿಡಿದಿರುತ್ತದೆ. ಹಿಮ್ಮಡಿ ಬಿರುಕಿನಲ್ಲಿ ಕೆಸರು ಮೆತ್ತಿರುತ್ತದೆ, ಮುಳ್ಳು ಮುರಿದು ಒಳಗೇ ಉಳಿದಿರುತ್ತದೆ, ಅವರಿಗೆ ನೋವೇ ಗೊತ್ತಾಗುವುದಿಲ್ಲ. ಸಂಜೆ ಕಾಲು ತೊಳೆದ ಮೇಲೆ ಅಂಗಾಲು, ಬೆರಳ ಸಂದು ಎಲ್ಲ ನೀವೇ ನೋಡಿ.

ಹೊಲ ಬಿಡಬೇಡಿ. ಅಪ್ಪನ ಮಾತ್ರೆ ಮುಗಿದು, ಶುಗರ್ ಹತೋಟಿಗೆ ಬರುವವರೆಗೆ ಅವರನ್ನು ಕೆಸರಿಗಿಳಿಸಬೇಡಿ, ಅಷ್ಟೇ. ಆಮೇಲೂ ಗಮ್ ಬೂಟ್ ಇರಲಿ. ಗಾಯವಿದ್ದರೆ ನೀರು ಹೋಗದಂತೆ ಪಟ್ಟಿ ಹಾಕಿ. ಮಳೆಗಾಳಿ ಜೋರಿದ್ದಾಗ ಮನೆಯಲ್ಲೇ ಇರಲಿ, ಉಸಿರಿನ ಮೂಲಕವೂ ಇದು ಒಳಹೋಗುತ್ತದೆ.

ನನಗೆ ನಿಜವಾದ ಭಯ ಇರುವುದು ಮಾತ್ರೆಯ ವಿಷಯದಲ್ಲಿ. ಇದಕ್ಕೆ ಸೆಫ್ಟಾಜಿಡಿಮ್ ಅಥವಾ ಮೆರೊಪೆನೆಮ್ ಇಂಜೆಕ್ಷನ್ ಕನಿಷ್ಠ 10ರಿಂದ 14 ದಿನ ಕೊಡುತ್ತಾರೆ. ನಂತರ ಕೋಟ್ರೈಮಾಕ್ಸಜೋಲ್ ಮಾತ್ರೆ, ಕಡಿಮೆಯೆಂದರೂ 3 ತಿಂಗಳು. ಜ್ವರ ಇಳಿದು ಊಟ ಸೇರತೊಡಗಿದರೆ ‘ಸುಮ್ನೆ ಯಾಕೆ ಮಾತ್ರೆ’ ಅನ್ನಿಸುತ್ತದೆ, ಅಲ್ವಾ? ನಡುವೆ ಬಿಟ್ಟವರಿಗೆ ಕಾಯಿಲೆ ಮರುಕಳಿಸುವ ಅಪಾಯ ಹೆಚ್ಚು. ಮಾತ್ರೆಯಿಂದ ಮೈಮೇಲೆ ಗಂದೆ ಎದ್ದರೆ ಕೂಡಲೇ ವೈದ್ಯರಿಗೆ ತೋರಿಸಿ, ಅವರು ಬರೆದುಕೊಟ್ಟ ರಕ್ತಪರೀಕ್ಷೆ ತಪ್ಪಿಸಬೇಡಿ. ಕೋರ್ಸ್ ಮುಗಿದ ಮೇಲೆ ಮತ್ತೆ ಜ್ವರ ಬಂದರೆ ಮೆಡಿಕಲ್ ಅಂಗಡಿಯ ಮಾತ್ರೆ ನುಂಗಿಸದೆ, ಆ ಕಲ್ಚರ್ ರಿಪೋರ್ಟ್ ಹಿಡಿದು ನೇರ ಆಸ್ಪತ್ರೆಗೆ ಹೋಗಿ.

– ಸಂ.