ಸಕ್ಕರೆಯ ಹೆಣ್ಣು, ಕಾಕಂಬಿಯ ಗೋಡೆ

ಪ್ರಶ್ನೆ: ಮುಚ್ಚಿಹೋದ ಕಾರ್ಖಾನೆಗಳಲ್ಲಿ ಆ ಜಾಗಕ್ಕೆಂದೇ ಕಲಾಕೃತಿಗಳನ್ನು ರಚಿಸುತ್ತಾರಂತೆ. ಅವನ್ನೇ ಗ್ಯಾಲರಿಯಲ್ಲಿಟ್ಟರೆ ಕಳೆದುಕೊಳ್ಳುವುದೇನು?
– ಓದುಗರೊಬ್ಬರು, ಧಾರವಾಡ

ಉತ್ತರ: ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿರುವ ಡಾಮಿನೋ ಸಕ್ಕರೆ ಕಾರ್ಖಾನೆಯ ಉದಾಹರಣೆಯನ್ನೇ ನೋಡೋಣ. 2004ರಲ್ಲಿ ಕೆಲಸ ನಿಲ್ಲಿಸಿದ ಆ ಕಾರ್ಖಾನೆಯ ಹಳೆಯ ಉಗ್ರಾಣದಲ್ಲಿ, ಅದನ್ನು ಕೆಡವುವುದಕ್ಕೆ ಮುನ್ನ, 2014ರ ಬೇಸಿಗೆಯಲ್ಲಿ ಕಲಾವಿದೆ ಕಾರಾ ವಾಕರ್ ಅವರು ಸುಮಾರು 75 ಅಡಿ ಉದ್ದದ, ಈಜಿಪ್ಟಿನ ಸಿಂಹದೇಹದ ಮೂರ್ತಿ ಸ್ಫಿಂಕ್ಸ್‌ನಂತೆ ಕುಳಿತ ಕಪ್ಪು ಹೆಣ್ಣೊಬ್ಬಳನ್ನು ಥರ್ಮೋಕೋಲ್‌ನಂಥ ಹಗುರ ದಿಮ್ಮಿಗಳಿಂದ ಕಟ್ಟಿ, ಮೈತುಂಬ ಬಿಳಿ ಸಕ್ಕರೆ ಮೆತ್ತಿದರು. ಗೋಡೆಗಳ ಮೇಲೆ ದಶಕಗಳ ಕಾಕಂಬಿ (ಸಕ್ಕರೆ ತೆಗೆದ ಮೇಲೆ ಉಳಿಯುವ ಅಂಟುಪಾಕ) ಕಪ್ಪಗೆ ಅಂಟಿಕೊಂಡಿತ್ತು. ಒಳಗೆ ಕಾಲಿಟ್ಟವರಿಗೆ ಮೊದಲು ಎದುರಾಗುತ್ತಿದ್ದುದು ಅದರ ವಾಸನೆ. ಕಬ್ಬಿನ ತೋಟಗಳಲ್ಲಿ ದುಡಿದ ಗುಲಾಮರ ಬೆವರು ಹೇಗೆ ಬಿಳಿ ಸಕ್ಕರೆಯಾಯಿತೆಂಬುದನ್ನು ಬೇರೆ ಫಲಕ ಹಾಕಿ ವಿವರಿಸುವ ಅಗತ್ಯವೇ ಅಲ್ಲಿರಲಿಲ್ಲ.

ಆಕೆಯ ಸುತ್ತ ಬುಟ್ಟಿ ಹೊತ್ತ ಬಾಲಕರ ಮೂರ್ತಿಗಳಿದ್ದವು. ನಮ್ಮ ಸಂಕ್ರಾಂತಿಯ ಸಕ್ಕರೆ ಅಚ್ಚಿನಂತೆ ಎರಕ ಹೊಯ್ದ ಕೆಲವು ಸೆಕೆಗೆ ಕರಗಿ, ಕೈಕಾಲು ಮುರಿದು ನೆಲಕ್ಕೊರಗಿದವು. ಆ ತುಂಡುಗಳನ್ನು ಉಳಿದ ಬಾಲಕರ ಬುಟ್ಟಿಗಳಲ್ಲಿಟ್ಟರು. ನನ್ನ ಮಟ್ಟಿಗೆ ಇಡೀ ಕೃತಿಯ ಜೀವಾಳ ಇದೇ.

ಪ್ರದರ್ಶನ ಮುಗಿದ ಮೇಲೆ ಆ ಹೆಣ್ಣನ್ನು ಕಳಚಿದರೂ ಎಡಗೈಯೊಂದನ್ನು ಉಳಿಸಿಕೊಂಡು, 2017ರಲ್ಲಿ ಗ್ರೀಸ್‌ನ ಹೈಡ್ರಾ ದ್ವೀಪದಲ್ಲಿ, ಹಿಂದೆ ಕಸಾಯಿಖಾನೆಯಾಗಿದ್ದ ಕಟ್ಟಡದ ಬಳಿ ಪ್ರದರ್ಶಿಸಿದರು. ಕೈ ಅದೇ ಆಗಿತ್ತು, ಆದರೆ ಕಾಕಂಬಿಯ ಗೋಡೆ ಅಲ್ಲಿರಲಿಲ್ಲ.