ಓದುಗರ ಪ್ರಶ್ನೆ: ಮಕ್ಕಳ ಸೈಕಲ್ಲಿಗೆ ಯಾವ ಗುಡ್ಡದ ದಾರಿ?

ಪ್ರಶ್ನೆ: ಹತ್ತು ವರ್ಷದ ಮಗಳಿಗೂ ಹನ್ನೆರಡು ವರ್ಷದ ಮಗನಿಗೂ ಗೇರ್ ಇರುವ ಮೌಂಟನ್ ಬೈಕ್ ಕೊಡಿಸಿದ್ದೇವೆ. ಡಾಂಬರು ರಸ್ತೆಯಲ್ಲಿ ಇಬ್ಬರೂ ಧೈರ್ಯವಾಗಿ ಓಡಿಸುತ್ತಾರೆ. ದಸರಾ ರಜೆಯಲ್ಲಿ ದೇವಿಮನೆ ಘಟ್ಟದ ಕಡೆಯ ಯಾವುದಾದರೂ ಕಾಡುದಾರಿಗೆ ಕರೆದೊಯ್ಯಬೇಕೆಂದಿದ್ದೇವೆ. ಕಲಿಯುವ ಮಕ್ಕಳಿಗೆ ಸುಲಭವಾದ ದಾರಿಯನ್ನು ಗುರುತಿಸುವುದು ಹೇಗೆ? (ಓದುಗರೊಬ್ಬರು, ಶಿರಸಿ)

ಉತ್ತರ: ದೇವಿಮನೆಯ ಕಡೆ ಸದ್ಯಕ್ಕೆ ಬೇಡ. ಶಿರಸಿಯಿಂದ ಪಡುವಣಕ್ಕೆ ಹೊರಟ ದಾರಿ ಬೇಗವೋ ತಡವಾಗಿಯೋ ಘಟ್ಟ ಇಳಿಯತೊಡಗುತ್ತದೆ. ಇಳಿಯುವಾಗ ಮಕ್ಕಳಿಗೆ ಹುರುಪು ಹೆಚ್ಚು, ಬ್ರೇಕ್ ಹಿಡಿಯುವ ಬೆರಳಿನ ಬಲ ಕಡಿಮೆ. ಕೆಳಗೆ ತಲುಪಿ ದಣಿದ ಮೇಲೆಯೇ ಅವರ ಮುಂದೆ ಚಡಾವು ನಿಲ್ಲುತ್ತದೆ. ಮೂಡಣಕ್ಕೆ, ಬನವಾಸಿ ಅಥವಾ ಮುಂಡಗೋಡಿನ ಕಡೆಗೆ ಹೋದಂತೆ ನೆಲ ಕ್ರಮೇಣ ಸಮತಟ್ಟಾಗುತ್ತದೆ. ವರದಾ ನದಿಯ ಬಯಲಿನ ಗಾಡಿದಾರಿಗಳು, ಅಗಲವಾದ ಕೆರೆ ಏರಿಗಳು, ಅನಾನಸ್ ಹೊಲಗಳ ನಡುವಿನ ಮಣ್ಣಿನ ರಸ್ತೆಗಳು ನೋಟಕ್ಕೆ ಘಟ್ಟದಷ್ಟು ರಮ್ಯವಲ್ಲದಿರಬಹುದು, ಆದರೆ ಕಲಿಕೆಗೆ ಅವೇ ಸರಿ. ನೋಟ ಬೇಕಾಗಿರುವುದು ಬಹುಮಟ್ಟಿಗೆ ದೊಡ್ಡವರಿಗೆ. ಮಕ್ಕಳಿಗೆ ಒಂದು ಸಣ್ಣ ಉಬ್ಬು, ಒಂದು ತಿರುವು, ಒಂದು ಕೆಸರಿನ ಹೊಂಡ ಸಾಕು.

ಸುಲಭವೆಂದರೆ ಎಷ್ಟು ಸುಲಭ ಎಂಬುದಕ್ಕೆ ಒಂದು ಅಳತೆಯಿದೆ. ಇಂಟರ್‌ನ್ಯಾಷನಲ್ ಮೌಂಟನ್ ಬೈಸಿಕ್ಲಿಂಗ್ ಅಸೋಸಿಯೇಷನ್ ದಾರಿಗಳನ್ನು ಬಣ್ಣ ಮತ್ತು ಆಕಾರದ ಗುರುತುಗಳಿಂದ ವಿಂಗಡಿಸುತ್ತದೆ: ಬಿಳಿ ವೃತ್ತ ಅತಿ ಸುಲಭ, ಹಸಿರು ವೃತ್ತ ಸುಲಭ, ನೀಲಿ ಚೌಕ ಅದಕ್ಕಿಂತ ಕಠಿಣ, ಕಪ್ಪು ವಜ್ರಾಕೃತಿ ಬಹಳ ಕಠಿಣ. ಹಸಿರು ವೃತ್ತದ ದಾರಿ ಕನಿಷ್ಠ 3 ಅಡಿ ಅಗಲವಿರಬೇಕು, ನೆಲ ಗಟ್ಟಿಯಾಗಿರಬೇಕು, ಸರಾಸರಿ ಇಳಿಜಾರು ಶೇಕಡಾ 5ನ್ನು ಮೀರಬಾರದು, ಅತಿ ಕಡಿದಾದ ತುಣುಕೂ ಶೇಕಡಾ 15ರೊಳಗೇ ಇರಬೇಕು, ತಪ್ಪಿಸಲಾಗದ ಕಲ್ಲು ಅಥವಾ ಬೇರು 2 ಇಂಚಿಗಿಂತ ಎತ್ತರವಿರಬಾರದು. ನಮ್ಮ ಊರುಗಳಲ್ಲಿ ಇಂಥ ಫಲಕವನ್ನು ಯಾರೂ ನೆಟ್ಟಿರುವುದಿಲ್ಲವಾದ್ದರಿಂದ ಅಳೆಯುವ ಕೆಲಸ ನಿಮ್ಮದೇ. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ನಕ್ಷೆಯಲ್ಲಿ ಸಮೋನ್ನತಿ ರೇಖೆಗಳು, ಅಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳು, ಸಾಮಾನ್ಯವಾಗಿ 20 ಮೀಟರ್ ಎತ್ತರದ ಅಂತರದವು. ನೀವು ನೋಡುತ್ತಿರುವ ದಾರಿಯುದ್ದಕ್ಕೂ ಎರಡು ರೇಖೆಗಳ ನಡುವೆ 8 ಮಿಲಿಮೀಟರ್‌ಗಿಂತ ಹೆಚ್ಚು ಜಾಗವಿದ್ದರೆ ಅದು ಶೇಕಡಾ 5ರೊಳಗಿನ ಇಳಿಜಾರು. ಸ್ಥಳದಲ್ಲೇ ನೋಡುವುದಾದರೆ ಗಾರೆಯವರು ಮಟ್ಟ ಹಿಡಿಯುವ ನೀರಿನ ಪೈಪು ಸಾಕು: 10 ಮೀಟರ್ ಉದ್ದಕ್ಕೆ ಅರ್ಧ ಮೀಟರ್ ಇಳಿದರೆ ಅಲ್ಲಿಗೆ ಮಿತಿ ಮುಟ್ಟಿತು.

ಇಳಿಜಾರಿಗಿಂತಲೂ ನಮ್ಮಲ್ಲಿ ಮೋಸ ಮಾಡುವುದು ನೆಲ. ಜಂಬಿಟ್ಟಿಗೆಯ ನೆಲ ಒಣಗಿದಾಗ ಕಾಂಕ್ರೀಟಿನಷ್ಟು ಗಟ್ಟಿ. ಆದರೆ ಅದರ ಮೇಲೆ ಹರಡಿದ ಕಡಲೆಗಾತ್ರದ ಗರಸಿನ ಮೇಲೆ ಮುಂದಿನ ಚಕ್ರ ತಿರುವಿನಲ್ಲಿ ಹಿಡಿತವನ್ನೇ ಕೊಡುವುದಿಲ್ಲ. ಮಳೆಗಾಲ ಮುಗಿದ ಹೊಸತರಲ್ಲಿ, ಅಂದರೆ ನಿಮ್ಮ ದಸರಾ ರಜೆಯ ಹೊತ್ತಿಗೆ, ನೆರಳಿನ ಜಂಬಿಟ್ಟಿಗೆಯ ಮೇಲೆ ಇನ್ನೂ ಹಾವಸೆ ಇರುತ್ತದೆ, ತೇವದ ಎಡೆಗಳಲ್ಲಿ ಉಂಬಳವೂ ಇರುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ತೇಗ ಮತ್ತು ಅಕೇಶಿಯಾ ಪ್ಲಾಂಟೇಶನ್ನುಗಳ ತರಗೆಲೆ ಹಾಸು ಕಲ್ಲು, ಬೇರು, ಗುಂಡಿ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಆದ್ದರಿಂದ ಅಕ್ಟೋಬರಿನಲ್ಲಿ ಬಿಸಿಲು ಬೀಳುವ ಬಯಲಿನ ದಾರಿಯನ್ನು ಆರಿಸಿ, ಇಬ್ಬನಿ ಆರಿದ ಮೇಲೆ ಹೊರಡಿ. ನೆರಳಿನ ಕಾಡುದಾರಿಯನ್ನು ನವೆಂಬರ್ ಕೊನೆಗೆ ಇಟ್ಟುಕೊಳ್ಳಿ.

ಯಾವ ದಾರಿಯೇ ಆದರೂ ಹಿಂದಿನ ದಿನ ನೀವೊಬ್ಬರೇ ನಡೆದು ನೋಡಿ. ಬೈಕಿನಲ್ಲಿ ಹೋಗಿ ಬಂದರೆ ಸಾಲದು. ದೊಡ್ಡವರ ಸೊಂಟಕ್ಕೆ ತಾಗುವ ಬೇಲಿಯ ತಂತಿ ಸೈಕಲ್ಲಿನ ಮೇಲೆ ಬಾಗಿ ಕುಳಿತ ಮಗುವಿನ ಎದೆ, ಕುತ್ತಿಗೆಯ ಮಟ್ಟಕ್ಕೆ ಬರುತ್ತದೆ. ಕಾಡುಪ್ರಾಣಿಗಳಿಗಾಗಿ ಕಟ್ಟಿದ ಸೌರ ವಿದ್ಯುತ್ ಬೇಲಿಯಾದರೆ ಆ ದಾರಿಯನ್ನೇ ಬಿಟ್ಟುಬಿಡಿ. ಇಳಿಜಾರಿನ ಬುಡದಲ್ಲಿ ಉಣಗೋಲು (ಬೇಲಿಯ ದಾರಿಗೆ ಅಡ್ಡ ಹಾಕಿದ ಗಳುಗಳು), ಕಾಲುಸಂಕ ಅಥವಾ ಡಾಂಬರು ರಸ್ತೆ ಎದುರಾಗುವ ದಾರಿಯೂ ಬೇಡ. ಇಳಿಜಾರು ಮುಗಿದ ಮೇಲೆ ತಾನಾಗಿ ವೇಗ ಕಳೆದುಕೊಳ್ಳುವಷ್ಟು ಸಮನೆಲ ಇರಬೇಕು. ಅಡಿಕೆ ತೋಟದ ಏರಿಗಳು ಕಣ್ಣಿಗೆ ಸಮತಟ್ಟಾಗಿ ಕಂಡರೂ ಒಂದು ಪಕ್ಕ ಕಾದಿಗೆ, ಅಂದರೆ ತೋಟದ ನೀರು ಬಸಿಯುವ ಕಾಲುವೆ, ಇರುವುದರಿಂದ ನಾನು ಅವನ್ನು ಸುಲಭದ ಪಟ್ಟಿಗೆ ಸೇರಿಸುವುದಿಲ್ಲ.

ಉದ್ದ ಮುಖ್ಯವಲ್ಲ. ಎರಡು ಮೂರು ಕಿಲೋಮೀಟರಿನ ಒಂದು ಸುತ್ತು, ಅದರ ನಡುವೆ ಎಲ್ಲಾದರೂ ರಸ್ತೆಗೆ ಸೇರಿಕೊಳ್ಳುವ ಒಂದು ಕವಲು ಇದ್ದರೆ ಉತ್ತಮ. ಮೊದಲ ಸುತ್ತಿನಲ್ಲಿ ಹೆದರಿದ ತಿರುವನ್ನು ಮಗು ಮೂರನೆಯ ಸುತ್ತಿನಲ್ಲಿ ತಾನೇ ದಾಟುತ್ತದೆ. ಹೋಗಿ ಅದೇ ದಾರಿಯಲ್ಲಿ ಮರಳುವುದಾದರೆ ಚಡಾವು ಹೋಗುವಾಗಲೇ ಇರಲಿ.

ಇನ್ನೆರಡು ಮಾತು. ಸೊಪ್ಪಿನ ಬೆಟ್ಟವಾದರೆ (ಅಡಿಕೆ ತೋಟಕ್ಕೆ ಸೊಪ್ಪು ತರಲು ಬಿಟ್ಟುಕೊಟ್ಟ ಕಾಡು) ಅದರ ಹಕ್ಕು ಹೊಂದಿದ ಮನೆಯವರನ್ನು ಕೇಳಿ ಹೋಗುವುದು ಮರ್ಯಾದೆ. ಅರಣ್ಯ ಇಲಾಖೆಯ ಕಾಡಾದರೆ ವಲಯ ಅರಣ್ಯಾಧಿಕಾರಿಯ ಒಪ್ಪಿಗೆ ಪಡೆಯಿರಿ. ಕಾಳಿ ಹುಲಿ ಸಂರಕ್ಷಿತ ಪ್ರದೇಶದಂಥ ಕಡೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅನುಮತಿಯಿಲ್ಲದೆ ಪ್ರವೇಶವೇ ಇಲ್ಲ. ಎರಡನೆಯದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಲಾದ ಈ ರೋಗವನ್ನು ಉಣುಗುಗಳು ಹರಡುತ್ತವೆ. ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ಆ ತಿಂಗಳುಗಳಲ್ಲಿ ಮಂಗ ಸತ್ತ ಸುದ್ದಿಯಿರುವ ಕಾಡಿನ ಕಡೆ ಮಕ್ಕಳನ್ನು ಒಯ್ಯಬಾರದು. ಬೇರೆಡೆಯಾದರೂ ತುಂಬುತೋಳಿನ ಅಂಗಿ, ಉದ್ದ ಪ್ಯಾಂಟ್ ಹಾಕಿಸಿ, ಮರಳಿದ ಕೂಡಲೇ ಬಟ್ಟೆ ಬದಲಿಸಿ ಮೈಯೆಲ್ಲ ನೋಡಬೇಕು.

ಪ್ರಶ್ನೆ: ನಮ್ಮ ಕಾರವಾರದಲ್ಲಿ ಗುಡ್ಡಗಳು ಕಡಿದು. ಎಂಟು ವರ್ಷದ ಮಗನಿಗೆ ಕಡಲತೀರದ ಮರಳಿನಲ್ಲಿ ಅಭ್ಯಾಸ ಮಾಡಿಸಬಹುದೇ? (ಓದುಗರೊಬ್ಬರು, ಕಾರವಾರ)

ಉತ್ತರ: ಮಾಡಿಸಬಹುದು, ಇಳಿತದ ಹೊತ್ತಿನಲ್ಲಿ ಮಾತ್ರ. ನೀರು ಹಿಂದೆ ಸರಿದ ಮೇಲೆ ಉಳಿಯುವ ಒದ್ದೆ ಮರಳು ಗಟ್ಟಿಯಾಗಿರುತ್ತದೆ. ಮೇಲಿನ ಒಣ ಮರಳಿನಲ್ಲಿ ಸಣ್ಣ ಚಕ್ರ ಹೂತುಹೋಗುತ್ತದೆ. ಇಳಿತದ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುವುದರಿಂದ ನಿನ್ನೆಯ ಗಂಟೆಯನ್ನು ಇಂದು ನಂಬಬೇಡಿ. ಚಳಿಗಾಲದಲ್ಲಿ ಆಲಿವ್ ರಿಡ್ಲಿ ಆಮೆಗಳು ಭರತದ ಗೆರೆಯ ಮೇಲ್ಭಾಗದ ಮರಳಿನಲ್ಲಿ ಮೊಟ್ಟೆಯಿಡುತ್ತವೆ. ಅತ್ತ ಸೈಕಲ್ ಒಯ್ಯಬಾರದು. ಮನೆಗೆ ಬಂದೊಡನೆ ಸಿಹಿನೀರಿನಲ್ಲಿ ತೊಳೆದು, ಒರೆಸಿ, ಚೈನಿಗೆ ಎಣ್ಣೆ ಬಿಡದಿದ್ದರೆ ಉಪ್ಪು ಬೇಗನೆ ತುಕ್ಕು ಹಿಡಿಸುತ್ತದೆ. ಆದರೆ ಮರಳು ಸಮತೋಲನ ಕಲಿಸುತ್ತದೆಯೇ ಹೊರತು ಇಳಿಜಾರಿನಲ್ಲಿ ಬ್ರೇಕ್ ಹಿಡಿಯುವುದನ್ನು ಕಲಿಸುವುದಿಲ್ಲ. ಅದಕ್ಕೆ ಹುಲ್ಲು ಬೆಳೆದ ಆಟದ ಮೈದಾನದ ಅಂಚಿನ ಸಣ್ಣ ಇಳುಕಲು ಸಾಕು.

ಪ್ರಶ್ನೆ: ಶಾಕ್ ಅಬ್ಸಾರ್ಬರ್ ಇಲ್ಲದ ಸೈಕಲ್ ಗುಡ್ಡಕ್ಕೆ ಆದೀತೇ? (ಓದುಗರೊಬ್ಬರು, ಕುಮಟಾ)

ಉತ್ತರ: ಮೇಲೆ ಹೇಳಿದಂಥ ದಾರಿಗೆ ಧಾರಾಳವಾಗಿ ಆಗುತ್ತದೆ. ಅಗ್ಗದ ಸಸ್ಪೆನ್ಶನ್ ಮಗು ಎತ್ತಲಾರದಷ್ಟು ತೂಕ ಸೇರಿಸುತ್ತದೆ, ಮಗುವಿನ ಹಗುರ ಮೈಗೆ ಅದು ಅಷ್ಟಾಗಿ ಕುಗ್ಗುವುದೂ ಇಲ್ಲ. ಅಗಲವಾದ ಟಯರಿಗೆ ಗಾಳಿಯನ್ನು ರಸ್ತೆಯಲ್ಲಿ ಓಡಿಸುವುದಕ್ಕಿಂತ ತುಸು ಕಡಿಮೆ ಇಡಿ, ಆದರೆ ಟಯರಿನ ಬದಿಯಲ್ಲಿ ಅಚ್ಚಾದ ಕನಿಷ್ಠ ಮಿತಿಗಿಂತ ಇಳಿಸಬೇಡಿ. ಹಣ ಖರ್ಚು ಮಾಡುವುದಿದ್ದರೆ ಹೆಲ್ಮೆಟ್ಟಿಗೆ ಮಾಡಿ, ಮತ್ತು ಹುಬ್ಬಿನ ಮೇಲೆ ಎರಡು ಬೆರಳಿನಷ್ಟೇ ಜಾಗ ಬಿಟ್ಟು ಅದು ಕೂರುವಂತೆ ನೋಡಿ. ಬ್ರೇಕ್ ಲಿವರ್ ಮಗುವಿನ ಬೆರಳಿಗೆ ಎಟುಕದಿದ್ದರೆ, ಹಲವು ಲಿವರ್‌ಗಳಲ್ಲಿರುವ ಸಣ್ಣ ಸ್ಕ್ರೂ ತಿರುಗಿಸಿ ಅದನ್ನು ಹತ್ತಿರ ತರಬಹುದು. ಸೈಕಲ್ ಅಂಗಡಿಯವರನ್ನು ಕೇಳಿದರೆ ನಿಂತಲ್ಲೇ ಮಾಡಿಕೊಡುತ್ತಾರೆ.